ತಾಯಿಯವರ ಗಂಟೆ

ಗೋವಿಂದರಾಜನಗರದ ನಮ್ಮ ಮನೆಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ನಸುಕಿನಲ್ಲಿ. ನೀರು ಸಂಪಿಗೆ ಬಿದ್ದೊಡನೆ ನನ್ನನ್ನೆಬ್ಬಿಸುವ ಯಂತ್ರವೊಂದು ಬೇಕೆಂದು ಎಸ್.ಪಿ. ರಸ್ತೆಯಿಂದ ಎಟಿಮೆಗಾ-8 ಎಂಬ 28 ಕಾಲಿನ ಮೈಕ್ರೊಕಂಟ್ರೋಲರನ್ನು ತಂದೆನು. ಅದರ ಒಂದು ಕಾಲಿಗೆ ಸಂಪಿನ ತೇಲುಗುಂಡಿನ ಸ್ವಿಚ್ಚನ್ನು ಜೋಡಿಸಿದೆನು. ಇನ್ನೊಂದಕ್ಕೆ, ಆಸರೆಯಿಲ್ಲದೆ ನಡೆಯಲಾರದ ನಮ್ಮ ತಾಯಿಯವರ ಮಂಚದ ಪಕ್ಕದ ಕರೆಗುಂಡಿಯನ್ನು.

ಆದೇಶಗಳನ್ನು ಬರೆದುದು ಬಾಸ್ಕಾಮ್ ಎಂಬ ಒಂದು ಬಗೆಯ ಬೇಸಿಕ್ ಭಾಷೆಯಲ್ಲಿ. ಮೂಲ ಬೇಸಿಕ್ಕನ್ನು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ, ಕರ್ಟ್ಜ್ ಎಂಬ ಅಧ್ಯಾಪಕರು ವಿಜ್ಞಾನವನ್ನು ಓದದ ವಿದ್ಯಾರ್ಥಿಗಳಿಗೂ ಎಟುಕಲೆಂದು ರಚಿಸಿದರು, ನನಗೂ ಎಟುಕಿತು. ‘ಆನ್ ಇಂಟ್0’ ಎಂದು ಬರೆದು ಒಂದು ಹೆಸರನ್ನು ಕೊಟ್ಟರಾಯಿತು. ಆ ಕಾಲಿನಲ್ಲಿ ಸಂಜ್ಞೆ ತೋರಿದೊಡನೆ ಚಿಪ್ಪು, ಪಾರಾಯಣದ ನಡುವೆ ಗರಿಯಿಟ್ಟು ಏಳುವವರಂತೆ, ಬಿಟ್ಟ ಸ್ಥಳವನ್ನು ಸ್ಟ್ಯಾಕಿನಲ್ಲಿ ಗುರುತಿಟ್ಟು ಆ ಹೆಸರಿನ ಆದೇಶಮಾಲೆಗೆ ಓಡುತ್ತದೆ. ‘ರಿಟರ್ನ್’ ಕಂಡೊಡನೆ ಹಿಂದಿರುಗುತ್ತದೆ.

ನನ್ನ ನಿದ್ರೆಯ ಗುಣವನ್ನು ಬಲ್ಲವನಾದುದರಿಂದ, ನೀರಿನ ಆದೇಶಮಾಲೆಯಲ್ಲಿ ಬಜರನ್ನು ಕೂಗಿಸಿ ‘ವೇಟ್ 180’ ಎಂದು ಬರೆದೆನು. ಮೂರು ನಿಮಿಷ ಕೂಗಲಿ ಎಂಬ ಉದ್ದೇಶ.

ಒಂದು ನಸುಕಿನಲ್ಲಿ ಬಜರು ಕೂಗಿತು. ನಾನು ಎದ್ದು ಸಂಪಿನ ಬಳಿಗೆ ಹೋದೆನು. ಬಜರು ನಿಂತ ಮೇಲೆ ತಾಯಿಯವರ ಗಂಟೆ ಒಮ್ಮೆ ಬಾರಿಸಿತು. ಒಳಗೆ ಬಂದು ನೋಡಿದರೆ ಅವರು ಕತ್ತಲೆಯ ನಡುಮನೆಯಲ್ಲಿ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದರು.

“ಮೂರು ಸಲ ಒತ್ತಿದೆನಪ್ಪಾ, ನೀನು ಬರಲಿಲ್ಲ” ಎಂದರು.

“ಇಲ್ಲಮ್ಮ, ಒಂದೇ ಸಲ ಒತ್ತಿದ್ದೀರಿ, ಅದೂ ಈಗತಾನೆ” ಎಂದೆನು. ಅವರು ಮರುಮಾತಾಡಲಿಲ್ಲ.

ಆ ಮಧ್ಯಾಹ್ನ ಚಿಪ್ಪಿನ ಕೈಪಿಡಿಯನ್ನು ತೆರೆದೆನು. ಒಂದು ಇಂಟರಪ್ಟಿನ ಕೆಲಸಕ್ಕೆ ಇಳಿದ ಚಿಪ್ಪು, ಅದು ಮುಗಿಯುವವರೆಗೆ ಉಳಿದ ಇಂಟರಪ್ಟುಗಳಿಗೆ ಬಾಗಿಲು ಮುಚ್ಚಿರುತ್ತದೆ. ನಡುವೆ ಬಂದ ಕರೆಯನ್ನು ಗುರುತಿಟ್ಟುಕೊಳ್ಳುವುದೇನೋ ನಿಜ. ಆದರೆ ಆ ಗುರುತು ಒಂದೇ ಬಿಟ್ಟಿನದು. ಮೂರು ಸಲ ಕರೆದರೂ ಅದರ ಲೆಕ್ಕಕ್ಕೆ ಒಂದೇ.

ಎಲ್ಲವನ್ನೂ ಅಳಿಸಿ ಬರೆದೆನು. ಈಗ ಇಂಟರಪ್ಟಿನ ಆದೇಶಮಾಲೆಗಳು ಎಣಿಕೆಗೆ ಒಂದನ್ನು ಕೂಡಿಸಿ ಕೂಡಲೆ ಹಿಂದಿರುಗುತ್ತವೆ. (ಗುಂಡಿಯ ಲೋಹ ಒಂದೇ ಒತ್ತಿಗೆ ಹಲವು ಸಲ ಅದುರುವುದರಿಂದ ಒಂದರ ಬೆನ್ನಿಗೇ ಬಂದ ಸಂಜ್ಞೆಗಳನ್ನು ಬಿಡಬೇಕು, ಇದಕ್ಕೆ ಇನ್ನೊಂದು ಸಂಜೆ ಹಿಡಿಯಿತು.) ಕೂಗಿಸುವುದು, ಬಾರಿಸುವುದು ಎಲ್ಲವೂ ಮುಖ್ಯ ಆವರ್ತದ ಪಾಲು, ಅದು ಬಜರಿನ ನಡುವೆಯೂ ಸೆಕೆಂಡಿಗೊಮ್ಮೆ ತಾಯಿಯವರ ಎಣಿಕೆಯನ್ನು ನೋಡುತ್ತದೆ.

ಮುಂದಿನ ಸಲ ನೀರು ಬಂದಾಗ, ಬಜರು ಕೂಗುತ್ತಿದ್ದಂತೆಯೇ, ಗಂಟೆ ಮೂರು ಸಲ ಬಾರಿಸಿತು. ಓಡಿಹೋದೆನು. ತಾಯಿಯವರು ಹಾಸಿಗೆಯಲ್ಲಿ ನೆಟ್ಟಗೆ ಕುಳಿತಿದ್ದರು.

“ಏನು ಬೇಕಮ್ಮ?”

“ಏನೂ ಬೇಡ. ಎಷ್ಟು ಸಲ ಕೇಳಿಸಿತು, ಹೇಳು.”