ಎಂಜಿನ್ ಬದಲಿಸುತ್ತಿದ್ದ ಊರು

ಇಗತಪುರಿಯ ಧಮ್ಮಗಿರಿಯ ವಿಪಸ್ಸನ ಶಿಬಿರದಲ್ಲಿ ಮೊಬೈಲ್ ಒಪ್ಪಿಸಿದಾಗ ಹಗುರವೆನಿಸಿತು. ಹತ್ತು ದಿನ ಪಾಸ್‌ವರ್ಡಿಲ್ಲ, ಓಟಿಪಿ ಇಲ್ಲ, ಮಾತೂ ಇಲ್ಲ. ಸುಳ್ಳಾಡುವುದಿಲ್ಲ ಎಂಬುದು ಅಲ್ಲಿ ಮೊದಲೇ ತೆಗೆದುಕೊಳ್ಳುವ ಐದು ಶೀಲಗಳಲ್ಲೊಂದು. ಬಾಯಿಯೇ ಬಿಡದ ಜಾಗದಲ್ಲಿ ಅದೇನು ಮಹಾ ಅಂದುಕೊಂಡೆ. ಮೂರನೇ ದಿನ, ಉಸಿರು ನೋಡುತ್ತಾ ಕೂತವನ ಕಣ್ಣೆದುರು ಬಂದದ್ದು ಕಪ್ಪು ಟರ್ಮಿನಲ್ಲು.

ಆಫೀಸಿನಲ್ಲಿ ಆ ತಪ್ಪು ನಡೆದ ದಿನ ಟರ್ಮಿನಲ್ಲಿನ ಎರಡು ಕಿಟಕಿ ತೆರೆದಿದ್ದೆ. ಒಂದರಲ್ಲಿ ಸ್ಟೇಜಿಂಗ್, ಅಂದರೆ ಪರೀಕ್ಷೆಯ ಸರ್ವರುಗಳು. ಇನ್ನೊಂದರಲ್ಲಿ ಲಾಗ್ ನೋಡಲೆಂದು ಕ್ಯೂಬ್‌ಸಿಟಿಎಲ್‌ನ ಕಾಂಟೆಕ್ಸ್ಟನ್ನು, ಅಂದರೆ ಆಜ್ಞೆ ಯಾವ ಸರ್ವರುಗಳಿಗೆ ಹೋಗಬೇಕೆಂಬ ಗುರುತನ್ನು, ಬಳಕೆಯಲ್ಲಿರುವ ಪ್ರೊಡಕ್ಷನ್‌ಗೆ ತಿರುಗಿಸಿದೆ. ಎಡಬ್ಲ್ಯೂಎಸ್ ಪ್ರೊಫೈಲನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿಟ್ಟರೆ ಅದು ಆ ಕಿಟಕಿಗಷ್ಟೇ ಸೀಮಿತ. ಕಾಂಟೆಕ್ಸ್ಟೂ ಹಾಗೇ ಎಂಬ ಭ್ರಮೆ ನನ್ನದು. ಕ್ಯೂಬ್‌ಸಿಟಿಎಲ್ ಅದನ್ನು ಹೋಮ್ ಫೋಲ್ಡರಿನ ಒಂದೇ ಕಡತದಲ್ಲಿ ಬರೆದಿಡುತ್ತದೆ. ಒಂದು ಕಡೆ ತಿರುಗಿಸಿದರೆ ಎಲ್ಲ ಕಿಟಕಿಗಳೂ ತಿರುಗಿದಂತೆ. ಮೊದಲ ಕಿಟಕಿಗೆ ಮರಳಿ ಡಿಲೀಟ್ ಒತ್ತಿದೆ. ಮೇಲಿನ ಸಾಲಿನಲ್ಲಿ ‘ಸ್ಟೇಜಿಂಗ್’ ಅಂತ ಇತ್ತಲ್ಲ! ಅದು ಅರ್ಧ ಗಂಟೆ ಹಿಂದಿನ ಸಾಲು. ಅಳಿದದ್ದು ಪ್ರೊಡಕ್ಷನ್‌ನಲ್ಲಿ.

ಇಷ್ಟನ್ನು ವರದಿಯಲ್ಲೂ ಬರೆದೆ, ‘ಟೂಲ್‌ನ ಗೊಂದಲ’ ಅಂತ. ಬರೆಯದೆ ಬಿಟ್ಟದ್ದು ಬೇರೆ. ಪ್ರೊಡಕ್ಷನ್‌ಗೆ ಬರೀ ಓದುವ ಹಕ್ಕಿನ ಲಾಗಿನ್ ಒಂದು ನನ್ನ ಬಳಿಯೇ ಇತ್ತು. ಅದರಲ್ಲಿದ್ದಿದ್ದರೆ ಡಿಲೀಟ್ ಅಲ್ಲೇ ನಿಲ್ಲುತ್ತಿತ್ತು. ಪದೇ ಪದೇ ಬದಲಿಸುವ ರೇಜಿಗೆಗೆ ಎಲ್ಲಕ್ಕೂ ಅಡ್ಮಿನ್ ಲಾಗಿನ್ನೇ ಬಳಸುತ್ತಿದ್ದೆ. ಅಡ್ಮಿನ್ ಅನ್ನುವ ಜಂಬವೂ ಇತ್ತೆನ್ನಿ. ಕಾಂಟೆಕ್ಸ್ಟ್‌ಗಳ ಆ ಕಡತ ಮಾಡಿಕೊಟ್ಟಿದ್ದ ಹುಡುಗ ಮೀಟಿಂಗಿನಲ್ಲಿ “ಹೆಸರು ಸರಿಯಾಗಿ ಇಡಬೇಕಿತ್ತು, ಸಾರಿ” ಅಂದ. ನಾನು ತಲೆಯಾಡಿಸಿದೆ.

ಶಿಬಿರ ಮುಗಿಸಿ ಇಗತಪುರಿ ಸ್ಟೇಷನ್ನಿನಲ್ಲಿ ಕೂತಿದ್ದೆ. ಕಸಾರಾ ಘಾಟಿಯ 37ಕ್ಕೆ 1ರ ಏರಿನಲ್ಲಿ ರೈಲನ್ನು ಹಿಂದಿನಿಂದ ತಳ್ಳಿಕೊಂಡು ಬಂದ ಬ್ಯಾಂಕರ್ ಎಂಜಿನ್ನುಗಳನ್ನು ಇಲ್ಲೇ ಬಿಚ್ಚುತ್ತಾರೆ. ಮುಂಬೈ ಕಡೆ 1500 ವೋಲ್ಟ್ ಡಿಸಿ, ಇಲ್ಲಿಂದಾಚೆ 25,000 ವೋಲ್ಟ್ ಎಸಿ ಇದ್ದ ಕಾಲದಲ್ಲಂತೂ ಮುಂದಿನ ಎಂಜಿನ್ನನ್ನೂ ಇಲ್ಲೇ ಬದಲಿಸುತ್ತಿದ್ದರು. ತಡವಾಯಿತೆಂದು ಡಿಸಿ ಎಂಜಿನ್ನನ್ನೇ ಎಸಿ ತಂತಿಯ ಕೆಳಗೆ ನುಗ್ಗಿಸುವವರು ಯಾರಿದ್ದಾರು?

ಹುಡುಗನಿಗೆ ಮೆಸೇಜ್ ಬರೆದೆ, ಅಳಿಸಿದೆ. ಕೊನೆಗೆ ಫೋನೇ ಮಾಡಿ ಎಲ್ಲ ಹೇಳಿದೆ.

“ಆಡಿಟ್ ಲಾಗಿನಲ್ಲಿ ನಿಮ್ಮ ಅಡ್ಮಿನ್ ಲಾಗಿನ್ ಇತ್ತಲ್ಲ ಸರ್,” ಅಂದ. “ಆವತ್ತೇ ನೋಡಿದ್ದೆ.”