ಹಡಗಿನ ಲೆಕ್ಕ

ಅಮ್ಮಿಯ 50,000 ರೂಪಾಯಿ ಚೀಟಿ ಈ ತಿಂಗಳು ಕೈಗೆ ಬಂತು. ಅವರು ಇನ್ನೂ ಸಮುದ್ರ ನೋಡಿಲ್ಲ. ಮೊಬೈಲ್‌ನಲ್ಲಿ ಪ್ರವಾಸಿ ಹಡಗು ನೋಡಿದ್ದ ತಮ್ಮ, ಅದರಲ್ಲೇ ಹೋಗೋಣ ಎಂದು ಹಟ ಹಿಡಿದ. ಕಾಮರ್ಸ್ ಓದುವವಳೆಂದು ಲೆಕ್ಕ ಹಾಕುವ ಕೆಲಸ ನನಗೆ ಬಂತು.

ರಾಯಲ್ ಕೆರಿಬಿಯನ್ ಹಡಗು ಹೊರಡುವುದು ಸಿಂಗಪುರದಿಂದ. ಮಕ್ಕಳ ಆಟಕ್ಕೆ ಅದೇ ಚೆಂದ. ಆದರೆ ಐದು ಜನರ ಪಾಸ್‌ಪೋರ್ಟ್, ವಿಮಾನ ಎಂದ ಕೂಡಲೇ ಅಬ್ಬಾ ಕೈಮುಗಿದರು. 2021ರಲ್ಲಿ ಶುರುವಾದ ಕಾರ್ಡೆಲಿಯಾ ಮುಂಬೈಯಿಂದಲೇ ಗೋವಾ, ಲಕ್ಷದ್ವೀಪಕ್ಕೆ ಹೋಗುತ್ತದೆ. ರಾಯಚೂರಿನಿಂದ ಮುಂಬೈಗೆ ರೈಲಿದೆ. ಆದರೆ ದೊಡ್ಡ ಅಕ್ಷರದ ದರ ಒಬ್ಬರಿಗೆ ಮಾತ್ರ, ಅದೂ ಕೋಣೆಗೆ ಇಬ್ಬರಂತೆ. ತೆರಿಗೆ ಬೇರೆ. ಊಟ ಸೇರಿದೆ, ದಡಕ್ಕಿಳಿದು ಸುತ್ತುವ ಖರ್ಚು ಸೇರಿಲ್ಲ.

"ಹಡಗು ಯಾವ ಊರು ಮುಟ್ಟಿಸುತ್ತೆ?" ಎಂದರು ದಾದಿ. 1995ರವರೆಗೆ ಮುಂಬೈಯಿಂದ ಜಿದ್ದಾಕ್ಕೆ ಹಜ್ ಯಾತ್ರಿಕರು ಹಡಗಿನಲ್ಲೇ ಹೋಗುತ್ತಿದ್ದರು. ಅವರಿಗೆ ಗೊತ್ತಿರುವ ಹಡಗು ಅದೇ. ಹೊರಟಲ್ಲಿಗೇ ತಿರುಗಿ ಬರಲು ಇಷ್ಟು ದುಡ್ಡೇ ಎಂದು ನಕ್ಕರು.

ಅವಕಾಶ ವೆಚ್ಚವೆಂದು ಅಮ್ಮಿಯ ಹೊಲಿಗೆ ಯಂತ್ರ ನಿಲ್ಲುವ ದಿನಗಳ ಗಳಿಕೆಯನ್ನೂ ಬರೆದೆ. ಅಮ್ಮಿ ಹಾಳೆ ನೋಡಿ, "ಅಷ್ಟು ದಿನ ನಾನು ಅಡುಗೆ ಮಾಡೋದಿಲ್ಲ. ಅದನ್ನ ಯಾವ ಕಡೆ ಬರೀತೀ?" ಎಂದರು. ಲಾಭದ ಕಡೆ ಎಲ್ಲಕ್ಕಿಂತ ಮೇಲೆ ಬರೆದೆ. ರೂಪಾಯಿ ಎಷ್ಟೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ.

ಒಟ್ಟು ಮೊತ್ತ ಚೀಟಿಯನ್ನು ದಾಟಿತು. ಡಿಸೆಂಬರ್‌ನಲ್ಲಿ ಬಾಡಿಗೆ ಕ್ರೂಸರ್ ಗಾಡಿಯಲ್ಲಿ ಮಲ್ಪೆಗೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದೆಂದಾಗಿದೆ. ಸ್ಟೌವ್, ಪಾತ್ರೆ ಗಾಡಿ ಹತ್ತಬಾರದು ಎಂಬುದು ಅಮ್ಮಿಯ ಕರಾರು. ಅಬ್ಬಾ ಒಪ್ಪಿದ್ದಾರೆ.