ನದಿಯಿಲ್ಲದ ಊರು, ನದಿಯಿರುವ ಊರು

ದಾವಣಗೆರೆಗೆ ನದಿಯಿಲ್ಲ. ಹೇಳಿಕೊಳ್ಳುವಂಥ ಕೋಟೆಯಿಲ್ಲ. ಅರಸರು ಕೂತು ಆಳಿದ ಅರಮನೆಯೂ ಇಲ್ಲ. 14 ಕಿಲೋಮೀಟರ್ ಆಚೆ ಇರುವ ಹರಿಹರಕ್ಕೆ ತುಂಗಭದ್ರೆ ಇದೆ, ಹರಿದ್ರಾ ಬಂದು ಸೇರುವ ಸಂಗಮವಿದೆ, ಹೊಯ್ಸಳರ ಕಾಲದ ಗುಡಿಯಿದೆ. ಒಂದು ಕಾಲಕ್ಕೆ ರಾಜ್ಯದ ಗಡಿ ಇತ್ತು, 1865ರವರೆಗೆ ದಂಡೂ ಇತ್ತು. 2011ರ ಜನಗಣತಿಯಲ್ಲಿ ದಾವಣಗೆರೆ ನಗರಕ್ಕೆ ಸುಮಾರು 4 ಲಕ್ಷ 35 ಸಾವಿರ ಜನ, ಹರಿಹರಕ್ಕೆ 83 ಸಾವಿರ. ಯಾಕೆ ಹೀಗಾಯ್ತು ಅಂತ ಎರಡೂ ಊರಲ್ಲಿ ಕೇಳುತ್ತಾ ಬಂದಿದ್ದೇನೆ. ದಾವಣಗೆರೆಯವರು "ನಮ್ದು ವ್ಯಾಪಾರದ ಊರು ರೀ" ಅನ್ನುತ್ತಾರೆ. ಹರಿಹರದವರು ನಕ್ಕು ಸುಮ್ಮನಾಗುತ್ತಾರೆ.

*

ಬೇತೂರು ರಸ್ತೆ ದಾವಣಗೆರೆಯ ಹಳೇ ಭಾಗದ ಗಿಜಿಗಿಜಿ ರಸ್ತೆ. ಅದು ಹೋಗಿ ಸೇರುವ ಬೇತೂರು ಈಗ ಸಾಧಾರಣ ಹಳ್ಳಿ. ಆದರೆ ಉಚ್ಚಂಗಿಯ ಪಾಂಡ್ಯರ ಕಾಲಕ್ಕೆ ಆಳುವವರು ಇದ್ದದ್ದು ಆ ಬೇತೂರಲ್ಲಿ. ದಾವಣಗೆರೆ ಅದರ ಮಗ್ಗುಲಿಗಿದ್ದ, ಯಾರೂ ಲೆಕ್ಕಕ್ಕೆ ಇಡದ ಒಂದು ಹಳ್ಳಿ. ಹೈದರಾಲಿ ಈ ಹಳ್ಳಿಯನ್ನು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ಕೋಟೆ ಕಟ್ಟುವ ಗೋಜಿಗೆ ಹೋಗಲಿಲ್ಲ, ವರ್ತಕರನ್ನು ಕರೆಸಿ ಕೂರಿಸಿದ. ಊರಿನ ಚರಿತ್ರೆ ಶುರುವಾಗುವುದೇ ಅಲ್ಲಿಂದ.

ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ದೂರದ ಆರ್ಕಾಟು ಸೀಮೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ವಾಪಸು ಬರುವ ಗಾಡಿಗಳಲ್ಲಿ ಅಲ್ಲಿನ ಸರಕು. ಸುತ್ತಲಿನ ಬಯಲಿನಲ್ಲಿ ನೇಯ್ದ ಕಂಬಳಿಗೂ ಇಲ್ಲೇ ಗಿರಾಕಿ. ಮಂಡಿಪೇಟೆ, ಚೌಕಿಪೇಟೆ ಎಂಬ ಹೆಸರುಗಳು ಇವತ್ತಿಗೂ ಇವೆ. ದೇವರ ಹೆಸರಿನ ಬೀದಿಗಿಂತ ತಕ್ಕಡಿಯ ನೆನಪಿನ ಬೀದಿಗಳಿಗೆ ಇಲ್ಲಿ ಗತ್ತು ಹೆಚ್ಚು.

1901ರ ಗಣತಿಯಲ್ಲಿ ಈ ಊರಿಗೆ ಹತ್ತು ಸಾವಿರ ಚಿಲ್ಲರೆ ಜನ. 1971ರ ಹೊತ್ತಿಗೆ ಲಕ್ಷ ದಾಟಿದೆ. ಒಬ್ಬ ಜಹಗೀರುದಾರನ ಬುದ್ಧಿಯೊಂದರಿಂದಲೇ ಇಷ್ಟೆಲ್ಲ ಆಯಿತೆಂದು ನಂಬುವುದು ಕಷ್ಟ. ಹಾಗಂತ ಅದಕ್ಕಿಂತ ಒಳ್ಳೆಯ ಕಾರಣವನ್ನು ಯಾರೂ ನನಗೆ ಹೇಳಿಲ್ಲ.

*

ಹರಿಹರದ ಸೇತುವೆ. 1868ರಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ್ದು, ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ. ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ್ಯ. 1880ರ ದಶಕದ ಕೊನೆಗೆ ರೈಲೂ ಬಂತು. ಗಡಿ, ಹೊಳೆ, ಸೇತುವೆ, ರೈಲು ಎಲ್ಲವೂ ಒಂದೇ ಕಡೆ ಕೂಡಿದ ಮೇಲೆ ಪೇಟೆ ಇಲ್ಲೇ ಬೆಳೆಯಬೇಕಿತ್ತು. ಬೆಳೆಯಲಿಲ್ಲ. ರೈಲು ದಾವಣಗೆರೆಗೂ ಬಂತಲ್ಲ. ಮಂಡಿ, ದುಡ್ಡು, ಸಾಲ ಕೊಡುವವರು ಎಲ್ಲ ಆಗಲೇ ಅಲ್ಲಿದ್ದರು. ಗಾಡಿ ಬಿಚ್ಚಲು ಜಾಗವಿದ್ದ ಊರನ್ನು ಬಿಟ್ಟು ಹೊಳೆ ಸೊಕ್ಕಿದರೆ ನೀರು ನುಗ್ಗುವ ಊರಿಗೆ ವರ್ತಕ ಯಾಕೆ ಬಂದಾನು? ಇದು ನನ್ನ ಊಹೆ ಅಷ್ಟೆ.

*

ಸೇತುವೆಯ ಇನ್ನೊಂದು ಸೋಜಿಗ. 1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು. ಗಡಿ ಹೋಯಿತು ಅಂದುಕೊಂಡರೆ, ಹೋಗಿಲ್ಲ. ಹೊಳೆಯ ಆಚೆ ದಡ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಈಚೆಯ ಕರೆಂಟ್ ಬಿಲ್ಲು ಬೆಸ್ಕಾಂ ಕೊಟ್ಟರೆ ಆಚೆಯದು ಹೆಸ್ಕಾಂ. ಈಚೆ ಕೆಎಸ್‌ಆರ್‌ಟಿಸಿ, ಆಚೆ ವಾಯವ್ಯ ಸಾರಿಗೆ. ಈಚೆಯವರಿಗೆ ಕಂದಾಯ ವಿಭಾಗ ಬೆಂಗಳೂರು, ಆಚೆಯವರಿಗೆ ಬೆಳಗಾವಿ. ಹೈಕೋರ್ಟಿಗೆ ಹೋಗುವ ಜಗಳವಾದರೆ ಹರಿಹರದವರು 270 ಕಿಲೋಮೀಟರಿಗೂ ಮೇಲ್ಪಟ್ಟು ಬೆಂಗಳೂರಿಗೆ ಹೋಗಬೇಕು, ಎದುರು ದಡದವರಿಗೆ ಧಾರವಾಡದ ಪೀಠ ಹತ್ತಿರದಲ್ಲೇ ಇದೆ. ಸೇತುವೆ ದಾಟಲು ಬೈಕಿಗೆ ಎರಡು ನಿಮಿಷ ಸಾಕು.

ಆಚೆ ದಡದ ಕುಮಾರಪಟ್ಟಣದಲ್ಲಿ ಒಂದು ದೊಡ್ಡ ಕಾರ್ಖಾನೆ ಇದೆ, 1970ರ ದಶಕದಲ್ಲಿ ಬಂದದ್ದು. ಹೆಸರು ಹರಿಹರ ಪಾಲಿಫೈಬರ್ಸ್. ಹರಿಹರ ತಾಲ್ಲೂಕಿನಲ್ಲೂ ಇಲ್ಲ, ದಾವಣಗೆರೆ ಜಿಲ್ಲೆಯಲ್ಲೂ ಇಲ್ಲ, ಆದರೂ ಹೆಸರು ಮಾತ್ರ ಹರಿಹರದ್ದು. ಅದಕ್ಕೆ ಬೇಕಾದ ನೀಲಗಿರಿ ಬೆಳೆಯಲು ಸರ್ಕಾರಿ ಜಮೀನು ಕೊಟ್ಟದ್ದರ ವಿರುದ್ಧ 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರ ಹೆಸರು ನಾಡಿಗೆ ಗೊತ್ತಾದದ್ದು ಈ ಹೋರಾಟದಿಂದ. ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಗಿಡ ನೆಡುವುದು. ಹೆಸರಿನಲ್ಲೇ ಇಡೀ ಕಾರ್ಯಕ್ರಮವಿದೆ.

*

ಹರಿಹರೇಶ್ವರ ಗುಡಿ, 1224. ಕಟ್ಟಿಸಿದವನು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ. ಬಲಕ್ಕೆ ಹರ, ಎಡಕ್ಕೆ ಹರಿ, ಒಂದೇ ಮೂರ್ತಿ. ನಾನು ಹೆಚ್ಚು ಹೊತ್ತು ನಿಂತದ್ದು ಗರ್ಭಗುಡಿಯ ಮುಂದಲ್ಲ, ಮಂಟಪದಲ್ಲಿ. ಕಂಬಗಳು ತಿರುಗಣೆಗೆ ಹಾಕಿ ಕಡೆದಂಥವು. ಬಳೆ ಬಳೆಯಾಗಿ ಏಣು, ನಡುವೆ ಗಂಟೆಯ ಉಬ್ಬು, ಮತ್ತೆ ಸಪೂರ. ಬೆರಳಿಟ್ಟು ಸುತ್ತು ಬಂದರೆ ಎಲ್ಲೂ ತಡೆಯುವುದಿಲ್ಲ.

ಇದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅವರು ಮಾಡುತ್ತಿದ್ದದ್ದು ಲೇತ್, ಅಂದರೆ ಕಬ್ಬಿಣ ಕಡೆಯುವ ತಿರುಗಣೆ! ಏಳುನೂರು ವರ್ಷದ ಅಂತರದಲ್ಲಿ ಒಂದೇ ಕಸುಬು ಒಂದೇ ಊರಿಗೆ ಯಾಕೆ ಬಂತು? ಕಾಕತಾಳೀಯವೇ ಇರಬೇಕು. ನೀರು, ರೈಲು, ಸಂಸ್ಥಾನದ ನೆರವು, ಇಷ್ಟು ಸಾಕಿತ್ತು ಕಾರ್ಖಾನೆಗೆ. ಕಾರ್ಖಾನೆಯ ಕಾಲೊನಿಗೆ ಯಂತ್ರಾಪುರ ಅಂತ ಹೆಸರಿಟ್ಟರು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು, ಯಂತ್ರಾಪುರ ಹಾಗೇ ಉಳಿಯಿತು. ಹರಿಹರದಲ್ಲಿ ಅರವತ್ತು ದಾಟಿದ ಗಂಡಸರ ಜತೆ ಹತ್ತು ನಿಮಿಷ ಮಾತಾಡಿದರೆ ಒಬ್ಬರಲ್ಲ ಒಬ್ಬರು "ನಾನು ಕಿರ್ಲೋಸ್ಕರ್‌ನಾಗೆ ಇದ್ದೆ" ಅನ್ನುತ್ತಾರೆ. ಯಾವ ಶಿಫ್ಟು, ಯಾವ ಮಷಿನ್ನು ಅನ್ನುವುದೂ ಹಿಂದೆಯೇ ಬರುತ್ತದೆ.

*

ಜಿಲ್ಲಾ ಕೇಂದ್ರ ಅನ್ನುವುದು ಇನ್ನೊಂದು ತಲೆನೋವು. 1997ರ ಆಗಸ್ಟ್ 15ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಅಂದರೆ ಲಕ್ಷಗಟ್ಟಲೆ ಜನರ ಊರು, ತನಗಿಂತ ಎಷ್ಟೋ ಸಣ್ಣ ಊರಿಗೆ ಸಹಿಗಾಗಿ ಓಡಾಡುತ್ತಿತ್ತು. 2011ರಲ್ಲೂ ಚಿತ್ರದುರ್ಗದ ಜನ ಒಂದೂವರೆ ಲಕ್ಷದೊಳಗೆ. ಏಳು ಸುತ್ತಿನ ಕೋಟೆ ಅಲ್ಲಿದೆ, ನಾಯಕರು ಆಳಿದ ಊರು ಅದು. ಆದರೆ ಮುಖ್ಯ ರೈಲು ಹಳಿ ಅತ್ತ ಹೋಗಲಿಲ್ಲ. ದುರ್ಗಕ್ಕೆ ಹೋಗುವವರು ಚಿಕ್ಕಜಾಜೂರಿನಲ್ಲಿ ಕವಲು ಹಿಡಿಯಬೇಕು.

ಜಿಲ್ಲೆ ಮಾಡಿದ್ದು ಜೆ.ಎಚ್. ಪಟೇಲರ ಸರ್ಕಾರ. ಪಟೇಲರು ಚನ್ನಗಿರಿ ಕಡೆಯವರು; ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗ ಬಿಟ್ಟು ಇಲ್ಲಿಗೆ ಬಂದವು. ಬಳ್ಳಾರಿಯಿಂದ ಹರಪನಹಳ್ಳಿ ಬಂತು. ಬಂದದ್ದು ನಿಲ್ಲಲಿಲ್ಲ. ಹೈದರಾಬಾದ್-ಕರ್ನಾಟಕ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಕೊಡುವ ಸವಲತ್ತು ಬೇಕೆಂದು ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ಅಲ್ಲಿಂದಲೂ ಎದ್ದು ವಿಜಯನಗರ ಜಿಲ್ಲೆಗೆ. ಒಂದು ತಾಲ್ಲೂಕು ಕಾಲು ಶತಮಾನದೊಳಗೆ ಮೂರು ಜಿಲ್ಲಾ ಕಚೇರಿ ಕಂಡಿತು. ಜನ ಕೂತಲ್ಲೇ ಇದ್ದರು, ಕಡತಗಳು ಲಾರಿ ಹತ್ತಿದವು.

ಹೀಗಾಗಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ ಎಷ್ಟೆಂದು ಯಾರಾದರೂ ಕೇಳಿದರೆ ಜಾಣರು ತಡವರಿಸುತ್ತಾರೆ. 2011ರ ಅಂಕಿ 19 ಲಕ್ಷ 45 ಸಾವಿರ. ಅದರಲ್ಲಿ ಹರಪನಹಳ್ಳಿಯ ಸುಮಾರು 3 ಲಕ್ಷ ಜನ ಸೇರಿದ್ದಾರೆ. 2021ರ ಗಣತಿ ನಡೆಯಲೇ ಇಲ್ಲ. ಶಾಲೆಯ ಗೋಡೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಹಳೇ ಅಂಕಿಯೇ ಓಡುತ್ತಿದೆ. ಪರೀಕ್ಷೆಗೆ ಅದೇ ಸರಿಯುತ್ತರವೂ ಆಗಿರಬಹುದು.

*

ಮಿಲ್ಲುಗಳು. 1930ರ ದಶಕದಿಂದ ಇಲ್ಲಿ ಒಂದರ ಹಿಂದೊಂದು ಹತ್ತಿ ಗಿರಣಿ: ದಾವಣಗೆರೆ ಕಾಟನ್ ಮಿಲ್ (ಡಿಸಿಎಂ), ಶಂಕರ್, ಚಂದ್ರೋದಯ, ಗಣೇಶರ್, ಆಂಜನೇಯ, ತೋಳಹುಣಸೆಯ ಯಲ್ಲಮ್ಮ. 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೆದದ್ದು ಆಗ. ಸೈರನ್ ಕೂಗಿದರೆ ಅರ್ಧ ಊರು ಏಳುತ್ತಿತ್ತಂತೆ. ಈಗ ಡಿಸಿಎಂ ಟೌನ್‌ಶಿಪ್ ಅಂದರೆ ಮನೆ ಸೈಟಿನ ರೇಟು ನೆನಪಾಗುವವರೇ ಹೆಚ್ಚು.

ವರ್ತಕರ ಊರು, ಮಠಗಳ ಸೀಮೆ. ಅಲ್ಲಿಂದ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಗೆದ್ದರು. ಬೆಂಗಳೂರಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಗಿರಣಿ ಕಾರ್ಮಿಕರನ್ನು ಲೆಕ್ಕಕ್ಕೆ ತಗೊಂಡರೆ ಅಚ್ಚರಿಯೇನಿಲ್ಲ. ನನಗೆ ಅರ್ಥವಾಗದ್ದು ಬೇರೆ: ಮಿಲ್ಲುಗಳು ಮುಚ್ಚಿದ ಮೇಲೆ ಊರು ಕುಗ್ಗಬೇಕಿತ್ತಲ್ಲ? 2001ಕ್ಕೆ 3 ಲಕ್ಷ 64 ಸಾವಿರ, ಹತ್ತು ವರ್ಷದಲ್ಲಿ ಇನ್ನೂ ಎಪ್ಪತ್ತು ಸಾವಿರ ಹೆಚ್ಚು.

ಒಂದು ಉತ್ತರ ಕಾಲೇಜುಗಳು. 1951ರಲ್ಲೇ ಇಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಮೆಡಿಕಲ್, 2009ರಲ್ಲಿ ವಿಶ್ವವಿದ್ಯಾಲಯ. ನೂಲಿನ ದುಡ್ಡು, ಅಡಿಕೆ ದುಡ್ಡು ಕಟ್ಟಡಗಳಾದವು. ಇನ್ನೊಂದು ಭದ್ರಾ ನಾಲೆ: ನಾಲೆ ಬಂದು ಗದ್ದೆಯಾದ ಮೇಲೆ ಸುತ್ತಲ ಹಳ್ಳಿಯವರ ಕೈಯಲ್ಲಿ ದುಡ್ಡು ಓಡಾಡಿತು, ಆ ದುಡ್ಡು ಪಿ.ಜೆ. ಬಡಾವಣೆಯ ಆಸ್ಪತ್ರೆಗೂ ಎಂ.ಸಿ.ಸಿ. ಬ್ಲಾಕಿನ ಮನೆಗೂ ಬಂತು. ಮೂರನೆಯ ಉತ್ತರಕ್ಕೆ ರೈಲು ಹಳಿಯ ಆ ಬದಿಗೆ ಹೋಗಬೇಕು.

*

ಆಜಾದ್ ನಗರ, ಬಾಷಾ ನಗರದ ಕಡೆ ಮಂಡಕ್ಕಿ ಭಟ್ಟಿಗಳು. ಹೊರಗಿನಿಂದ ನೋಡಿದರೆ ಕಪ್ಪುಗಟ್ಟಿದ ಗೋಡೆ, ಕುಳ್ಳ ಚಿಮಣಿ, ಹೊಗೆ. ಒಳಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ಬಿಡಿಸುವುದು ಒಂದು ಹಂತ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಹದ ಮಾಡಿಟ್ಟುಕೊಳ್ಳುತ್ತಾರೆ. ಬಾಣಲಿಯಲ್ಲಿ ಮರಳು ಕೆಂಡದಂತೆ ಕಾದಿರುತ್ತದೆ. ಒಂದು ಹಿಡಿ ಅಕ್ಕಿ ಬಿದ್ದ ಕೂಡಲೇ ಸರ್ರನೆ ಸದ್ದು, ಮರಳೆಲ್ಲ ಬಿಳಿಯಾಗಿ ಉಕ್ಕಿ ಬರುತ್ತದೆ. ಅಷ್ಟರಲ್ಲೇ ಜರಡಿಗೆ ಸುರಿದು ಜಾಡಿಸಬೇಕು. ಮರಳು ಕೆಳಗೆ, ಮಂಡಕ್ಕಿ ಮೇಲೆ. "ಒಂದ್ ಗಳಿಗೆ ತಡ ಆದ್ರೆ ಕರ್ರಗಾಗ್ತದೆ, ಬೇಗ ತೆಗದ್ರೆ ಗಟ್ಟಿ ಉಳೀತದೆ ಅಣ್ಣ" ಅಂದರು ಜರಡಿ ಹಿಡಿದಿದ್ದವರು. ಮಾತಾಡುವಾಗಲೂ ಕೈ ನಿಲ್ಲಲಿಲ್ಲ.

ಚೀಲಗಟ್ಟಲೆ ಮಂಡಕ್ಕಿ ಹೇರಿದ ಲಾರಿ ನೋಡಿದರೆ ಇನ್ನೇನು ಬಿದ್ದೇ ಹೋಯಿತು ಅನ್ನಿಸುವಷ್ಟು ಎತ್ತರ. ತೂಕ ಮಾತ್ರ ಏನೂ ಇಲ್ಲ. ಸಂಜೆಗೆ ಇದೇ ಮಂಡಕ್ಕಿ, ಮೆಣಸಿನಕಾಯಿಯ ಜತೆ, ಊರಿನ ಮೂಲೆಮೂಲೆಯಲ್ಲಿ ಪೇಪರ್ ಪೊಟ್ಟಣವಾಗುತ್ತದೆ. 2016ರ ಜನವರಿಯಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಗೆ ಸೇರಿತು, ಭಟ್ಟಿಗಳ ಹೊಗೆಗೆ ಏನು ಮಾಡಬೇಕೆಂಬ ಚರ್ಚೆಯೂ ಜೋರಾಯಿತು. ಮಂಡಕ್ಕಿ ಬೇಕು, ಹೊಗೆ ಬೇಡ. ತಿನ್ನುವವರಾರೂ ಉಸಿರಾಡುವವರ ಓಣಿಯಲ್ಲಿ ಇಲ್ಲದಿದ್ದರೆ ಈ ಚರ್ಚೆ ಮುಗಿಯುವುದು ಕಷ್ಟ.

ಬೆಣ್ಣೆ ದೋಸೆಯ ಬಗ್ಗೆ ಒಂದೇ ಸಾಲು: 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬಾಕೆ ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಮಾರಲು ಕೂತದ್ದೇ ಮೊದಲು ಎನ್ನುತ್ತಾರೆ. ಅಂದರೆ ಊರಿನ ಹೆಸರು ಹೊತ್ತ ತಿಂಡಿಯೂ ಹೊರಗಿನಿಂದ ಬಂದವರದೇ.

*

ಹರಿಹರ ತಾಲ್ಲೂಕಿನ ಮಠಗಳ ಲೆಕ್ಕ ಹಾಕುತ್ತಿದ್ದೆ. ಪಂಚಮಸಾಲಿ ಪೀಠ ಹರಿಹರದಲ್ಲಿ, ವಾಲ್ಮೀಕಿ ಗುರುಪೀಠ ರಾಜನಹಳ್ಳಿಯಲ್ಲಿ, ಕನಕ ಪೀಠದ ಶಾಖೆ ಬೆಳ್ಳೂಡಿಯಲ್ಲಿ. ಸೆಪ್ಟೆಂಬರ್ 8ಕ್ಕೆ ಆರೋಗ್ಯ ಮಾತೆಯ ಹಬ್ಬ, ಊರು ತುಂಬ ಜನ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಇದೇ ಹರಿಹರದವರು. ಇಷ್ಟೆಲ್ಲ ಇಲ್ಲೇ ಯಾಕೆ? ಇಡೀ ರಾಜ್ಯದ ಜನರನ್ನು ಒಂದೆಡೆ ಸೇರಿಸಬೇಕೆಂದರೆ ಬೀದರಿನವರಿಗೂ ಚಾಮರಾಜನಗರದವರಿಗೂ ಸಮದೂರದ ಜಾಗ ಬೇಕು. ಹೆದ್ದಾರಿ, ರೈಲು ಎರಡೂ ಇರಬೇಕು. ಹರಿಹರಕ್ಕೆ ಪೇಟೆ ಒಲಿಯಲಿಲ್ಲ, ಸಮಾವೇಶ ಒಲಿಯಿತು. ಗಣತಿಯಲ್ಲಿ 83 ಸಾವಿರ. ಜಾತ್ರೆಯ ದಿನ ಎಷ್ಟೆಂದು ಎಣಿಸಿದವರಿಲ್ಲ.

"ರಾಜಧಾನಿ ದಾವಣಗೆರೆ ಆಗ್ಬೇಕಿತ್ತು, ತಪ್ಪಿಹೋಯ್ತು" ಎಂಬ ಮಾತು ದಾವಣಗೆರೆಯ ಹೋಟೆಲುಗಳಲ್ಲಿ ಆಗಾಗ ಕೇಳುತ್ತದೆ. ರಾಜ್ಯದ ನಡುವಿನಲ್ಲಿದ್ದೇವೆ ಎಂಬುದೇ ಅದಕ್ಕೆ ಆಧಾರ. ರಾಜಧಾನಿಯಾಗಿದ್ದರೆ ಮಂಡಿಪೇಟೆಯ ಗತಿ ಏನಾಗುತ್ತಿತ್ತೋ.

*

ನದಿಯಿಲ್ಲದ ದಾವಣಗೆರೆ ಏನು ಕುಡಿಯುತ್ತದೆ ಎಂದು ನೋಡಿದರೆ, ಒಂದಷ್ಟು ಭದ್ರಾ ನಾಲೆಯ ನೀರು, ಕುಂದವಾಡ ಕೆರೆಯಲ್ಲಿ ತುಂಬಿಟ್ಟದ್ದು. ಉಳಿದದ್ದು ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ್ದು. ಹೊಳೆಯನ್ನು ಹರಿಹರ ಇಟ್ಟುಕೊಂಡಿತು, ಪೈಪನ್ನು ದಾವಣಗೆರೆ ಹಾಕಿಸಿಕೊಂಡಿತು.

ಎರಡೂ ಊರಿಗೆ ನಗರಾಭಿವೃದ್ಧಿ ಪ್ರಾಧಿಕಾರ ಒಂದೇ, ಹೆಸರೂ ದಾವಣಗೆರೆ-ಹರಿಹರ ಎಂದೇ. ನಡುವಿನ ದೊಡ್ಡಬಾತಿಯ ಆಚೀಚೆ ಸೈಟುಗಳ ಕಲ್ಲು ಎದ್ದಿವೆ. ಬೆಳಗ್ಗೆ ಹರಿಹರದಲ್ಲಿ ಬಸ್ಸು ಹತ್ತುವವರಲ್ಲಿ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ದಾವಣಗೆರೆಗೆ ಹೊರಟವರೇ ಬಹಳ. ಬೆಂಗಳೂರಿನಲ್ಲಿ ಯಾವೂರು ಅಂತ ಕೇಳಿದರೆ ಅವರಲ್ಲಿ ಎಷ್ಟೋ ಮಂದಿ ದಾವಣಗೆರೆ ಅಂದುಬಿಡುತ್ತಾರೆ, "ಹರಿಹರ ಅಂದ್ರೆ ಮತ್ತೆ ಎಲ್ಲೈತೆ ಅಂತ ಹೇಳ್ಬೇಕಲ್ರಿ" ಅನ್ನುವುದು ಕಾರಣ. ಮುಂದಿನ ಗಣತಿ 2027ಕ್ಕೆ ನಿಗದಿಯಾಗಿದೆ. ಗಣತಿಯವರು ಕೇಳುವುದು ರಾತ್ರಿ ಮಲಗುವ ಮನೆಯನ್ನು. ಹಾಗಾಗಿ ದಾವಣಗೆರೆಯಲ್ಲಿ ಹಗಲಿಡೀ ದುಡಿಯುವ ಇವರೆಲ್ಲ ಹರಿಹರದ ಪಟ್ಟಿಗೇ ಸೇರುತ್ತಾರೆ. ಹರಿಹರದ ಹುಡುಗ ದಾವಣಗೆರೆಯ ಹಾಸ್ಟೆಲಿನಲ್ಲಿದ್ದರೆ ಅವನು ಮಾತ್ರ ದಾವಣಗೆರೆಯ ಪಟ್ಟಿಗೆ.